ಮಿತ್ಸುಯೊಗೆ ಕೊಟ್ಟ ಮಾತು

ನನ್ನ ತೋಫು ಅಂಗಡಿಯ ಪಕ್ಕದ ಮನೆಯ ಶಿಗೆನೊ ಅಕ್ಕ ಹಳೆಯ ಕಿಮೋನೊ ಬಿಚ್ಚಿ ಹೊಸದಾಗಿ ಹೊಲಿದುಕೊಡುತ್ತಾಳೆ. ಎಪ್ಪತ್ತೆರಡಾದರೂ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಡ. ಕಣ್ಣು ಹೋದದ್ದು ತಂಗಿ ಮಿತ್ಸುಯೊದು. ಮೂವತ್ತೊಂದು ವರ್ಷ ಮಹಡಿಯ ಕೋಣೆಯಲ್ಲಿ ಭೂತಗನ್ನಡಿ ಹಿಡಿದು, ಪಾಚಿಯ ವಿದ್ವಾಂಸರಾದ ಕುರಾಹಾಶಿ ಮೇಷ್ಟ್ರ ಪುಸ್ತಕಗಳಿಗೆ ಪಾಚಿಯ ಚಿತ್ರ ಬರೆದಳು. ಪುಸ್ತಕದ ಮೇಲೆ ಹೆಸರು ಮಾತ್ರ ಮೇಷ್ಟ್ರದು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ.

ಮಿತ್ಸುಯೊ ಸತ್ತ ಮೇಲೆ ಬಂದ ಹೊಸವರ್ಷದ ದಿನ, ದೊಡ್ಡ ಪತ್ರಿಕೆಯೊಂದು ವಿದ್ವಾಂಸರಿಗೂ ಕಲಾವಿದರಿಗೂ ಕೊಡುವ ಪ್ರಶಸ್ತಿ ಮೇಷ್ಟ್ರಿಗೆ ಬಂತು. ಭಾಷಣದಲ್ಲಿ ಮಿತ್ಸುಯೊ ಹೆಸರು ಹೇಳುತ್ತೇನೆಂದು ಅವರೇ ಫೋನು ಮಾಡಿದರು. ಒಳ್ಳೆಯ ಸುದ್ದಿ ಮೊದಲು ಸತ್ತವರ ಕಿವಿಗೆ ಬೀಳಬೇಕು. ಅಕ್ಕ ಮನೆಯಲ್ಲಿ ಸತ್ತವರಿಗೆಂದು ಇಟ್ಟ ಪೀಠದ ಮುಂದೆ ಕೂತು ಪುಟ್ಟ ಗಂಟೆ ಬಾರಿಸಿ ತಂಗಿಗೆ ಹೇಳಿಬಿಟ್ಟಳು. ಭಾಷಣ ಮುಗಿಯುವವರೆಗೆ ತಾಳಬಾರದಿತ್ತೇ? ಬದುಕಿದ್ದವರಿಗಾದರೆ ಮಾತು ಹಿಂತೆಗೆದುಕೊಳ್ಳಬಹುದು.

ಅಕ್ಕ ಟೋಕಿಯೊದ ಪ್ರಶಸ್ತಿ ಸಮಾರಂಭಕ್ಕೆ ಹೋಗಿ ಬಂದಳು. ಮೇಷ್ಟ್ರು ಪತ್ರಿಕೆಯನ್ನು ನೆನೆದರಂತೆ, ಹೆಂಡತಿಯನ್ನು ನೆನೆದರಂತೆ, ತಮ್ಮ ತೋಟದ ಕಲ್ಲನ್ನೂ ನೆನೆದರಂತೆ. ಮಿತ್ಸುಯೊ ಹೆಸರು ಬರಲಿಲ್ಲ.

ಅಂದಿನಿಂದ ಅಕ್ಕ ದಿನಾ ಪೀಠದ ಮುಂದೆ ಬಿಸಿ ಅನ್ನ ಇಡುತ್ತಿದ್ದಳು, ಗಂಟೆ ಮಾತ್ರ ಮುಟ್ಟುತ್ತಿರಲಿಲ್ಲ. ಬಾರಿಸಿದರೆ ತಂಗಿ ಎದ್ದು, ನನ್ನ ಹೆಸರು ಹೇಳಿದರಾ ಎಂದು ಕೇಳುತ್ತಾಳೆ ಎಂಬ ಭಯ. ಆದರೂ ಮಧ್ಯಾಹ್ನಗಳಲ್ಲಿ ಮಹಡಿಯಿಂದ ಪೆನ್ನಿನ ಮೊನೆ ಕಾಗದ ಗೀರುವ ಸದ್ದು ಬರುತ್ತಿತ್ತು. ನಾನೂ ಕೇಳಿದ್ದೇನೆ. ಇಲಿ ಅಂದುಕೊಂಡೆ, ಆದರೆ ಇಲಿಗೆ ಅಷ್ಟು ತಾಳ್ಮೆ ಎಲ್ಲಿಯದು?

ಎರಡು ವರ್ಷದ ಮೇಲೆ ಮೇಷ್ಟ್ರು ಸಿಹಿ ಪೊಟ್ಟಣ ಹಿಡಿದು ಬಂದರು. ಆಗ ನಾನು ತೋಫು ಕೊಡಲು ಅಲ್ಲೇ ಇದ್ದೆ. ಅವರು ಪೀಠದ ಮುಂದೆ ಮಂಡಿಯೂರಿ ಗಂಟೆಯ ಕೋಲಿಗೆ ಕೈಹಾಕಿದರು. ಅಕ್ಕ ಅದನ್ನು ಕಿತ್ತುಕೊಂಡು ತಾನೇ ಬಾರಿಸಿದಳು.

"ಮಿತ್ಸುಯೊ, ಮೇಷ್ಟ್ರು ಬಂದಿದ್ದಾರೆ ಕಣೇ. ನನ್ನ ಕೈಲಿ ಆಗಲ್ಲ. ನೀನೇ ಕೇಳ್ಕೊ."

ಹಾಗೆಂದು ಅಡುಗೆಮನೆಗೆ ಹೋಗಿಬಿಟ್ಟಳು. ನಾನೂ ಅಂಗಡಿಗೆ ಬಂದೆ. ಬಹಳ ಹೊತ್ತಾದ ಮೇಲೆ ಮೇಷ್ಟ್ರು ಹೊರಬಂದು ನನ್ನ ತೋಫು ತೊಟ್ಟಿಯ ಮುಂದೆ ನಿಂತರು. ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಮೇಲೆ ಯಾರೋ ಬರೀತಾ ಇದ್ದಾರಲ್ಲ, ಯಾರಮ್ಮಾ ಅದು?"

"ನಿಮಗೇ ಗೊತ್ತಲ್ಲ ಮೇಷ್ಟ್ರೇ. ಹೆಸರು ಹೇಳಿ."

ಹೇಳಿದರು. ಆ ಹೆಸರು ಕೇಳಲು ಇದ್ದವಳು ನಾನೊಬ್ಬಳೇ.