ನಿದ್ದೆ ಕಾಯುವ ಸರಸಮ್ಮ
ಅನಂತರಾಜು ಮೇಷ್ಟ್ರ ಸ್ಕೂಟರಿನ ಹಾರ್ನು ಕಚ್ಚಿಕೊಂಡು ಅರಚತೊಡಗಿದ್ದು, ಹೋಗಿ ಹೋಗಿ, ಸರಸಮ್ಮನ ಮನೆ ಮುಂದೆಯೇ. ಅವಳ ಗಂಡ ಚಿಕ್ಕರಾಜು ಬಿಡದಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವನು. ಮೊನ್ನೆ ಮಿಷನ್ ಮುಂದೆ ತೂಕಡಿಸಿ ಬೆರಳು ಜಜ್ಜಿಕೊಂಡಿದ್ದ. ಅಂದಿನಿಂದ ಸರಸಮ್ಮ, ಅವನಿಗೆ ಗಾಢ ನಿದ್ದೆ ಬರಲೆಂದು, ಗ್ಲೈಸಿನ್ ಪುಡಿಯನ್ನು ಚಮಚದಲ್ಲಿ ಮಟ್ಟಸ ಅಳೆದು ಅವನ ಮಜ್ಜಿಗೆಗೆ ಕದಡುತ್ತಾಳೆ. "ಅಮೈನೋ ಆಸಿಡ್ಡು ಕಣಣ್ಣ, ನರಕ್ಕೆ ತಂಪು" ಎಂದು ಬೀದಿಗೆಲ್ಲ ಪಿಸುಗುಟ್ಟುತ್ತಾಳೆ. ಆಮೇಲೆ ಜಗುಲಿಯಲ್ಲಿ ಕಾವಲು: ಸೊಪ್ಪಿನವಳ ಜೊತೆ ಚೌಕಾಸಿ ಕೈಸನ್ನೆಯಲ್ಲೇ, ಕಾಗೆಯನ್ನು ಗದರುವುದೂ ಬರೀ ಕಣ್ಣಲ್ಲೇ. ಈಗಲೂ ಅವಳು ಬೈಯಲಿಲ್ಲ. ಸುಮ್ಮನೆ ಬಂದು ಹಾರ್ನಿನ ವೈರು ಕಿತ್ತಳು. ಒಳಗೆ ಚಿಕ್ಕರಾಜು ಕೆಮ್ಮುತ್ತಾ ಎದ್ದು ಕೂತದ್ದು ಕೇಳಿಸಿತು. ನಾಚಿಕೆಯಿಂದ ತಗ್ಗಿಸಿದ ತಲೆ ಎತ್ತಿದ ಮೇಷ್ಟ್ರಿಗೆ ಆಗಲೇ ಕಂಡದ್ದು, ನಿದ್ದೆಗೆಟ್ಟು ಕೆಂಪಾದ ಅವಳ ಕಣ್ಣು. "ನೀನೂ ಒಂದು ಚಮಚ ಕುಡಿದು ಒಸಿ ಮಲಗಬಾರದೇನವ್ವ?" ಎಂದರು. "ನಾನು ಮನೀಕಂಡ್ರೆ ನಿಮ್ಮ ಹಾರ್ನು ಕಾಯೋರು ಯಾರು, ಮೇಷ್ಟ್ರೇ?"