ಪರೀಕ್ಷೆಗೆ ನಾನು ಆರಿಸಿದ ದಿನ

ನಿವೃತ್ತಿಗೆ ಇನ್ನು ಒಂದು ವರ್ಷ ಬಾಕಿ ಇತ್ತು. ನಾನಾಗ ದೆಹಲಿಯಲ್ಲಿ ಟೆಲಿವಿಷನ್ ಪ್ರಸಾರದ ಹಿರಿಯ ಎಂಜಿನಿಯರ್. ಇಂಟರ್‌ನೆಟ್ಟಿನ ಹಂಗಿಲ್ಲದೆ, ಟಿ.ವಿ. ಟವರ್‌ನಿಂದ ನೇರವಾಗಿ ಫೋನಿಗೇ ಚಿತ್ರ ಕಳಿಸಲು ಯಾವ ಡಿಜಿಟಲ್ ಸ್ಟ್ಯಾಂಡರ್ಡ್ ಒಪ್ಪಬೇಕು ಎಂಬ ಜಗ್ಗಾಟ ಜೋರಾಗಿ ನಡೆದಿತ್ತು. ಸ್ಟ್ಯಾಂಡರ್ಡ್ ಎಂದರೆ ಚಿತ್ರವನ್ನೂ ಧ್ವನಿಯನ್ನೂ ಹೇಗೆ ಅಂಕಿಗಳಾಗಿ ಕಟ್ಟಿ ಗಾಳಿಗೆ ಬಿಡಬೇಕು ಎಂಬ ಕಟ್ಟುಪಾಡು. ಒಮ್ಮೆ ಒಪ್ಪಿದರೆ ದೇಶದ ಅಷ್ಟೂ ಟವರ್, ಅಷ್ಟೂ ಫೋನು ಅದಕ್ಕೆ ತಕ್ಕ ಹಾಗೇ ಆಗಬೇಕು. ಕಣದಲ್ಲಿದ್ದದ್ದು ಎರಡು: ಒಂದು ಯುರೋಪಿನದು, ಒಂದು ಅಮೆರಿಕದ್ದು. ಎರಡರ ಬೆನ್ನಿಗೂ ಚಿಪ್ ಮಾಡುವವರು, ಪೇಟೆಂಟ್ ಇಟ್ಟುಕೊಂಡವರು ನಿಂತಿದ್ದರು. ಸಮಿತಿಯ ಸಭೆಗಿಂತ ಹೊರಗೆ ಕಾಫಿ ಕುಡಿಯುವ ಹೊತ್ತಿನಲ್ಲೇ ಹೆಚ್ಚು ಮಾತು ನಡೆಯುತ್ತಿತ್ತು.

ನಾನು ಯುರೋಪಿನದರ ಪರ. ಕಾರಣ ಕೇಳಿದರೆ ಆಗ ಹತ್ತು ಪುಟ ಬರೆದುಕೊಡುತ್ತಿದ್ದೆ. ನಿಜವಾದ ಕಾರಣ ಒಂದೇ: ಉಪಾಧ್ಯರು ಅಮೆರಿಕದ್ದರ ಪರ ಇದ್ದರು.

ಉಪಾಧ್ಯರು ಸಾಲಿಗ್ರಾಮದವರು. ನಾನು ನಾವುಂದದ ಮೀನುಗಾರರ ಮನೆಯವನು. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಬಡ್ತಿ ಅವರಿಗೆ ಮೊದಲು, ವಿದೇಶದ ತರಬೇತಿಯೂ ಅವರಿಗೇ ಮೊದಲು. ಸಭೆಯಲ್ಲಿ ನಾನು ಅರ್ಧ ಗಂಟೆ ಬಡಕೊಂಡದ್ದನ್ನು ಅವರು ಎರಡು ವಾಕ್ಯದಲ್ಲಿ ಹೇಳಿದರೆ ಎಲ್ಲರೂ ತಲೆದೂಗುವರು. ಜಗಳ ಆಡಲಿಕ್ಕಾದರೂ ಒಂದು ಕಾರಣ ಕೊಡಬೇಕಲ್ಲ ಮಾರಾಯರೆ, ಅದೂ ಇಲ್ಲ. ಎಲ್ಲಿ ಕಂಡರೂ "ಹ್ವಾಯ್ ಶೀನಣ್ಣ, ಊಟ ಆಯ್ತಾ?" ಎಂದು ನಗುವರು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕರಾವಳಿಯಲ್ಲಿ ಪರೀಕ್ಷೆ ಎಂದಾಗ ಊರಿನವರೆಂದು ನಮ್ಮಿಬ್ಬರನ್ನೇ ಕಳಿಸಿದರು. ಕುಂದಾಪುರದ ಹತ್ತಿರ ತಾತ್ಕಾಲಿಕ ಟ್ರಾನ್ಸ್‌ಮಿಟರ್ ನಿಂತಿತು. ಮೊಬೈಲ್ ಸಿಗ್ನಲ್ ಸತ್ತುಹೋಗುವಷ್ಟು ದೂರದ ಕಡಲಲ್ಲಿ, ದೋಣಿಯವರ ಕೈಯ ಫೋನಿಗೆ ಬಿರುಗಾಳಿಯ ಮುನ್ಸೂಚನೆ ತಲುಪುತ್ತದೆಯೇ? ತಲುಪಿಸಿದ ಸ್ಟ್ಯಾಂಡರ್ಡಿನ ಕೈ ದೆಹಲಿಯಲ್ಲಿ ಮೇಲಾಗುತ್ತಿತ್ತು. ದೋಣಿ ನನ್ನ ತಮ್ಮ ಮಂಜುನದು. ಯಾರ ಪರೀಕ್ಷೆ ಯಾವ ದಿನ ಎಂದು ಗೊತ್ತುಮಾಡುವ ಕೆಲಸ, ಕಡಲ ಕಡೆಯವನೆಂದು, ನನ್ನ ಪಾಲಿಗೆ ಬಂತು.

ಇಲ್ಲಿ ಒಂದು ವಿಷಯ ಹೇಳಬೇಕು. ನಾವು ಸಣ್ಣವರಿದ್ದಾಗ ನೆರೆಮನೆಗೆ ಮುಂಬಯಿಯಿಂದ ಒಂದು ಟಿ.ವಿ. ಬಂದಿತ್ತು. ಬೇಸಿಗೆಯಲ್ಲಿ ಗಾಳಿ ಆಡದೆ ಕಡಲು ಎಣ್ಣೆಯ ಹಾಗೆ ನುಣ್ಣಗಿದ್ದ ದಿನ ಅದರಲ್ಲಿ ಯಾವುದೋ ದೇಶದ ವಾರ್ತೆ ಮೂಡುತ್ತಿತ್ತು. ಇದಕ್ಕೆ ಎಂಜಿನಿಯರ್‌ಗಳು ಡಕ್ಟಿಂಗ್ ಎನ್ನುತ್ತಾರೆ. ಕಡಲ ಮೇಲಿನ ತಂಪು ಗಾಳಿಯ ಮೇಲೆ ಬಿಸಿ ಗಾಳಿ ಮುಚ್ಚಳದಂತೆ ಕೂತಾಗ, ಆಕಾಶಕ್ಕೆ ಹೋಗಬೇಕಾದ ಸಿಗ್ನಲ್ ಅದರಡಿಯಲ್ಲೇ ನೂರಾರು ಮೈಲಿ ಹರಿದು ಬರುತ್ತದೆ. ಬಂದದ್ದು ನಮ್ಮದೇ ಚಾನೆಲ್ಲಿನಲ್ಲಿದ್ದರೆ ನಮ್ಮ ಸಿಗ್ನಲ್ ಹಾಳು. ಉಪಾಧ್ಯರಿಗೆ ಡಕ್ಟಿಂಗ್ ಪುಸ್ತಕದಲ್ಲಿ ಗೊತ್ತು. ಬೆಳಿಗ್ಗೆ ಕಡಲಿನ ಮುಖ ನೋಡಿ, ಇವತ್ತು ಅಂಥ ದಿನ ಎಂದು ಹೇಳಲು ಅವರಿಗೆ ಬಾರದು. ನನಗೆ ಬರುತ್ತದೆ.

ಅಂಥ ಒಂದು ಸೋಮವಾರ ಬೆಳಿಗ್ಗೆ ನಾನು ಅವರಿಗೆ ಫೋನ್ ಮಾಡಿ, "ಕಡಲ್ ತಣ್ಣಗಿತ್ತ್, ನಿಮ್ದ್ ಇವತ್ತೇ ಮಾಡಿ ಮುಗ್ಸಿ" ಎಂದೆ. ಮಂಜುನ ದೋಣಿಯಲ್ಲಿ ಮೂವರೂ ಹೊರಟೆವು. ದಡ ಕಣ್ಮರೆಯಾಗುವ ಹೊತ್ತಿಗೆ ಅವರ ಫೋನಿನಲ್ಲಿ ಚಿತ್ರ ಚೂರುಚೂರಾಯಿತು, ಆಮೇಲೆ ನಿಂತೇಹೋಯಿತು. ಅವರು ಮೂರು ಸಲ ಯಂತ್ರ ಪರೀಕ್ಷಿಸಿದರು. ಕೊನೆಗೆ ಫಾರಂನಲ್ಲಿ 'ವಿಫಲ' ಎಂದು ಬರೆದು ಸಹಿ ಹಾಕಿ, ನನ್ನ ಕಡೆ ತಿರುಗಿ, ಸಹಾಯಕ್ಕೆ ಥ್ಯಾಂಕ್ಸ್ ಹೇಳಿದರು. ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿ ನನಗೆ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ಗುರುವಾರ ಚೆನ್ನಾಗಿ ಗಾಳಿ ಇತ್ತು. ನನ್ನ ಪರೀಕ್ಷೆಗೆ ಮಂಜುನೂ ನಾನೂ ಹೊರಟೆವು. ಅದೇ ಜಾಗದಲ್ಲಿ ಚಿತ್ರ ಕನ್ನಡಿಯ ಹಾಗೆ ಬಂತು. ನಾನು ಬೀಗುತ್ತ 'ಯಶಸ್ವಿ' ಎಂದು ಬರೆಯುತ್ತಿದ್ದಾಗ ಮಂಜು ಎಂಜಿನ್ ನಿಲ್ಲಿಸಿದ.

"ಅಣ್ಣ, ಸೋಮವಾರ ಕಡಲ್ ಕಂಡತಿಗೇ ನಂಗೆ ಅಂದಾಜಾಯ್ತ್. ಸಣ್ಣ ಇಪ್ಪತಿಗೆ ಆಚಿಮನಿ ಟಿ.ವಿ.ಲಿ ಬೇರೆ ದೇಶದ್ ಕಾಂತಿದ್ದಿತ್ತಲೆ, ಅದೇ ನಮ್ನಿ ದಿನ. ನೀ ಬೇಕಂದೇ ಅವ್ರಿಗೆ ಅದನ್ನ್ ಕೊಟ್ಯಾ?"

"ನಿಂಗೆ ಎಂತ ಗೊತ್ತಾತ್ತ್? ಸುಮ್ನೆ ದೋಣಿ ಬಿಡ್."

"ನಂಗ್ ಯಾವ್ ದೇಶದ್ದ್ ಆದ್ರೂ ಒಂದೇ. ಇಂಥಾ ಗಾಳಿಗೆ ನಾವ್ ದೂರ ಹೋಪ್ದೇ ಇಲ್ಲೆ. ಕಡಲ್ ತಣ್ಣಗಿಪ್ಪತಿಗೇ ದೂರ ಹೋಪ್ದ್, ಸುದ್ದಿ ಬೇಕಾಪ್ದ್ ಅವತ್ತೇ. ಅವತ್ತ್ ನಿಂದ್ ಬತ್ತಾ ಇಲ್ಯಾ? ಅದನ್ನ್ ಹೇಳ್."

ಅದನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ. ನನ್ನ 'ಯಶಸ್ವಿ' ನಂಬಿ ಕಡಲಿಗೆ ಹೋಗುವವರಲ್ಲಿ ಮೊದಲನೆಯವನು ನನ್ನ ಒಡಹುಟ್ಟಿದವನೇ. ನಾಚಿಕೆಯಾಯಿತು.

ಸಂಜೆ ಕುಂದಾಪುರದ ಲಾಡ್ಜಿಗೆ ಹೋಗಿ ಉಪಾಧ್ಯರಿಗೆ ಎಲ್ಲ ಹೇಳಿದೆ.

"ಎಂತಕೆ ಹಾಂಗ್ ಮಾಡಿದ್ರಿ ಶೀನಣ್ಣ?"

"ಹೊಟ್ಟೆಕಿಚ್ಚಿಗೆ."

ಅವರು ಕನ್ನಡಕ ತೆಗೆದು ಒರೆಸಿದರು. "ಹಾಂಗಾರೆ ಇನ್ನೊಂದ್ ಅಂಥಾ ದಿನ ಬಂದತಿಗೆ ಹೇಳಿ. ಎರಡ್ನೂ ಒಟ್ಟಿಗೆ ಕಾಂಬ" ಎಂದರು. ಅಷ್ಟೇ. ಬಾಯಿ ತುಂಬ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮುಂದಿನ ವಾರ ಅಂಥ ದಿನ ಬಂತು. ಒಂದೇ ದೋಣಿಯಲ್ಲಿ ಎರಡೂ ಫೋನು. ಎರಡರಲ್ಲೂ ಚಿತ್ರ ಹೋಯಿತು. ನನ್ನದು ಅವರದಕ್ಕಿಂತ ಸ್ವಲ್ಪ ಮೊದಲೇ ಹೋಯಿತು. ವರದಿ ದೆಹಲಿಗೆ ಹೋದಾಗ ಎರಡೂ ಬಣದವರು ಮುಖ ಗಂಟಿಕ್ಕಿದರು. ಗಾಳಿ ಇಲ್ಲದ ದಿನಗಳ ಪರೀಕ್ಷೆ ಮತ್ತೆ ನಡೆಯಲಿ ಎಂದು ಸಮಿತಿ ಬರೆಯಿತು. ನಾನು ನಿವೃತ್ತನಾಗುವಾಗಲೂ ಯಾವುದು ಎಂಬ ತೀರ್ಮಾನ ಆಗಿರಲಿಲ್ಲ.

ಅಳತೆಯ ಫಾರಂನಲ್ಲಿ ಟವರಿನ ಎತ್ತರ, ಸಿಗ್ನಲ್ಲಿನ ಬಲ, ದೂರ ಎಲ್ಲಕ್ಕೂ ಕಾಲಂ ಇತ್ತು. ವರದಿ ಕಳಿಸುವ ಮೊದಲು ನಾನು ಹಟ ಹಿಡಿದು ಇನ್ನೊಂದು ಸೇರಿಸಿದ್ದೆ: 'ದಿನ ಆರಿಸಿದವರು'. ಯಂತ್ರ ಸುಳ್ಳು ಹೇಳಲಿಲ್ಲ, ಅದನ್ನು ಯಾವಾಗ ಕೇಳಬೇಕೆಂದು ಆರಿಸಿದವನು ಹೇಳಿದ. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ. "ಹಳೆ ಫಾರಮಿಗೆ ಅದೆಲ್ಲ ಬೇಡ, ಬಿಡಿ" ಎಂದು ಉಪಾಧ್ಯರು ನನ್ನ ಕೈ ಹಿಡಿದರು. ಆ ಸೋಮವಾರದ ಸಾಲಿನಲ್ಲಿ ನನ್ನ ಹೆಸರು ಬರೆಯಬಾರದೆಂದು ಅವರ ಆಸೆ.

ಆ ದೊಡ್ಡ ಮನಸ್ಸು ಕಂಡು ನನಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಕೈ ಬಿಡಿಸಿಕೊಂಡು ನನ್ನ ಹೆಸರು ಬರೆದೆ.