ಗೋಡೆಗೆ ಕಿವಿಯಿಟ್ಟು ಆರಿಸಿದ ವೂಫರ್

ನಮ್ಮ ಬಂಡಕ್ಕನಿಗೆ ಹಾಡಿನ ಹುಚ್ಚು ಎಂದೂ ಇರಲಿಲ್ಲ. ರೇಡಿಯೋದಲ್ಲಿ ಯಾವ ಹಾಡು ಬಂದರೂ ಪಲ್ಲೆ ಸೋಸುವ ಅವಳ ಕೈ ನಿಂತದ್ದನ್ನು ನಾನು ಕಂಡಿಲ್ಲ. ಅಂಥವಳು ಎರಡು ಸಾವಿರದ ಮೂರನೇ ಇಸವಿಯಲ್ಲಿ ಶಹಾಬಜಾರದ ಅಂಗಡಿಯೊಂದರಲ್ಲಿ ಎರಡು ಸಬ್‌ವೂಫರ್, ಅಂದರೆ ದಪ್ಪ ದನಿಯ ಸ್ಪೀಕರ್ ಡಬ್ಬಿ, ಎದುರಿಗಿಟ್ಟುಕೊಂಡು ಅರ್ಧ ದಿನ ಕೂತಳು. ತಪ್ಪು ಡಬ್ಬಿ ಮನೆ ಸೇರಿದರೆ ಸ್ವಂತ ಅಕ್ಕ ತನ್ನ ಕೈತಪ್ಪಿ ಹೋಗುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು.

ನನಗೆ ಇಬ್ಬರು ಅಕ್ಕಂದಿರು. ಪುತಳಾಬಾಯಿ ದೊಡ್ಡಾಕೆ, ಬಂಡಮ್ಮ ಸಣ್ಣಾಕೆ. ಇಬ್ಬರನ್ನೂ ಒಂದೇ ಹಂದರದಲ್ಲಿ ಕಮಲಾಪುರದ ಅಣ್ಣತಮ್ಮಂದಿರಿಗೆ ಕೊಟ್ಟರು. ಅಕ್ಕನ ಗಂಡನಿಗೆ ನಾವು ಮಾಮಾ ಅನ್ನುತ್ತೇವೆ. ಪುತಳಕ್ಕನ ಗಂಡ, ದೊಡ್ಡ ಮಾಮಾ ಭೀಮಶಾ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದ. ಮಾತು ಕಡಿಮೆ, ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವನಲ್ಲ. ಬಂಡಕ್ಕನ ಗಂಡ, ಸಣ್ಣ ಮಾಮಾ ಚಂದ್ರಶಾ ಬಸ್ ಕಂಡಕ್ಟರ್. ಇವನ ಬಾಯಿಗೆ ಬೀಗವೇ ಇಲ್ಲ. ಒಂದೇ ಅಂಗಳ, ಒಂದೇ ಒಲೆ, ಇಬ್ಬರ ಕೋಣೆಗೂ ನಡುವೆ ಒಂದೇ ಗೋಡೆ. ಅಕ್ಕತಂಗಿಯರು ಇದ್ದುದರಿಂದ ಆ ಮನೆ ಒಂದಾಗಿತ್ತು, ಗಂಡಸರಿಂದಲ್ಲ. ಇದನ್ನು ನಾನು ಇಬ್ಬರು ಮಾಮಾಗಳ ಎದುರಿಗೂ ಹೇಳಿದ್ದೇನೆ.

ಆಮೇಲೆ ಪುತಳಕ್ಕನಿಗೆ ಲಕ್ವಾ ಹೊಡೆಯಿತು. ಬಲಗಡೆಯ ಕೈಕಾಲು ಬಿದ್ದುಹೋದವು, ಮಾತು ತೊದಲಿತು. ಹೊರಸು, ಅಂದರೆ ಹಗ್ಗದ ಮಂಚವೇ ಅವಳ ಗತಿಯಾಯಿತು. ಅಂದಿನಿಂದ ಅವಳನ್ನು ತೊಳೆದವಳು, ಉಣಿಸಿದವಳು, ತಲೆ ಬಾಚಿದವಳು ಬಂಡಕ್ಕ. ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ. ಅಕ್ಕನೇ ಅವಳ ಕೂಸಾದಳು.

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ತಮ್ಮನ ಹೆಂಡತಿ ಭಾವನ ಜೊತೆ ಮಾತಾಡಬಾರದು, ಅವನಿದ್ದ ಕೋಣೆಗೆ ಕಾಲಿಡಬಾರದು. ಬಂಡಕ್ಕ ಏನಾದರೂ ಹೇಳಬೇಕಾದರೆ ಹೊಸ್ತಿಲ ಹೊರಗೆ ನಿಂತು, “ಅಕ್ಕಾ, ಊಟಕ್ಕ ಆಗ್ಯಾದಂತ ಹೇಳು” ಅನ್ನುವಳು. ಒಳಗಿದ್ದ ಭೀಮಶಾ ಮಾಮಾ ಕೇಳಿಸಿಕೊಂಡು ಎದ್ದು ಬರುವನು. ಮದುವೆಯಾದಾಗಿನಿಂದ ಅವರಿಬ್ಬರ ನಡುವೆ ಒಂದು ನೇರ ಮಾತು ನಡೆದಿರಲಿಲ್ಲ.

ಇಷ್ಟರಲ್ಲಿ ಚಂದ್ರಶಾ ಮಾಮಾನ ತಲೆಗೆ ಸಬ್‌ವೂಫರ್ ಹೊಕ್ಕಿತು. ಸೇಡಂ ರಸ್ತೆಯಲ್ಲಿದ್ದ ಜೊತೆಗಾರನ ಮನೆಯಲ್ಲಿ ಅದನ್ನು ಕೇಳಿ ಬಂದಿದ್ದ. ಟೇಪು, ಸ್ಪೀಕರು ಮೊದಲೇ ಇದ್ದವು. ಅವು ಕೀರಲು ದನಿ ಮಾಡುತ್ತಿದ್ದುದು ನಿಜವೇ. ಈಗ ಎದೆಗೆ ಬಂದು ತಾಕುವ ದನಿ ಬೇಕು, ಅದಕ್ಕೆ ಕರೆಂಟಿಗೆ ಹಚ್ಚುವ, ತನ್ನದೇ ಆಂಪ್ಲಿಫೈಯರ್ ಇರುವ ಡಬ್ಬಿಯೇ ಬೇಕು ಎಂದು ಹಟ ಹಿಡಿದ. ಭೀಮಶಾ ಮಾಮಾ ಅಂಗಳದಲ್ಲಿ ನಿಂತು ಒಂದೇ ಮಾತು ಹೇಳಿದ.

“ತಂದ್ರ ತಾ. ಆದ್ರ ನಿನ್ನ ಡಬ್ಬಿ ಸಪ್ಪಳ ನನ್ನ ಕೋಣ್ಯಾಗ ಆಕಿ ಹೊರಸಿಗೆ ಬಂತೋ, ಮರುದಿನ ಅಂಗಳದಾಗ ಗ್ವಾಡಿ. ಆಮ್ಯಾಲ ಆ ಕಡೆಯವ್ರು ಈ ಕಡೆ ಬರೂದಿಲ್ಲ.”

“ಕಟ್ಟಸು! ನನಗೇನ್ ಅಂಜಿಕಿ?” ಅಂದ ಚಂದ್ರಶಾ ಮಾಮಾ. ಒಲೆಯ ಮುಂದಿದ್ದ ಬಂಡಕ್ಕನ ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಗೋಡೆ ಎದ್ದರೆ ಪುತಳಕ್ಕನನ್ನು ನೋಡುವವರು ಯಾರು? ಆ ಯೋಚನೆ ಇಬ್ಬರು ಗಂಡಸರಿಗೂ ಬರಲಿಲ್ಲ. ಆಮೇಲೆ ಬಂಡಕ್ಕ ಇದನ್ನು ಹೇಳಿದಾಗ ನನಗೆ ಮೈಯೆಲ್ಲ ಉರಿಯಿತು.

ಗಂಡನನ್ನು ತಡೆಯುವುದು ಆಗದ ಮಾತು ಎಂದು ಬಂಡಕ್ಕ ತಿಳಿದಳು. ಅದಕ್ಕೇ, “ನಾನೂ ಬರ್ತೀನಿ, ನಾ ಹೇಳಿದ್ದ ತರಬೇಕು” ಎಂದು ಅವನ ಜೊತೆ ಬಸ್ ಹತ್ತಿದಳು. ನಾನು ಕಪನೂರದ ವರ್ಕ್‌ಶಾಪಿಗೆ ರಜೆ ಹಾಕಿ ಕಲಬುರಗಿಯಲ್ಲಿ ಅವರನ್ನು ಕೂಡಿಕೊಂಡೆ. ಶಹಾಬಜಾರದ ಶಬ್ಬೀರನ ಅಂಗಡಿ ನನಗೆ ಗುರುತಿನದು.

ಶಬ್ಬೀರ್ ಎರಡು ಡಬ್ಬಿ ತೆಗೆದಿಟ್ಟ. ಒಂದು ಸಣ್ಣದು, ಎಲ್ಲ ಕಡೆ ಮುಚ್ಚಿದ್ದು, ಸ್ಪೀಕರಿನ ಬಾಯಿ ಮುಂದಕ್ಕಿತ್ತು. ಇನ್ನೊಂದು ದೊಡ್ಡದು, ನಾಲ್ಕು ಗಿಡ್ಡ ಕಾಲಿನ ಮೇಲೆ ನಿಂತದ್ದು, ಬಾಯಿ ನೆಲದ ಕಡೆಗೆ. ಚಂದ್ರಶಾ ಮಾಮಾ ದೊಡ್ಡದನ್ನು ನೋಡಿ ಮದುಮಗನಂತೆ ನಗತೊಡಗಿದ. ಬಂಡಕ್ಕ ನಗಲಿಲ್ಲ.

“ಸಣ್ಣದು ತಗೋರಿ ಅಕ್ಕಾ, ಕೋಣಿ ಸಣ್ಣದಿದ್ರ ಇದೇ ಬೆಸ್ಟ್,” ಅಂದ ಶಬ್ಬೀರ್.

“ಬಾಜೂ ಮನಿಗೆ ಯಾವುದು ಕೇಳಸ್ತದ?” ಬಂಡಕ್ಕ ಕೇಳಿದಳು.

ಆ ಪ್ರಶ್ನೆಯನ್ನು ಅವನಿಗೆ ಯಾವ ಗಿರಾಕಿಯೂ ಕೇಳಿರಲಿಕ್ಕಿಲ್ಲ. ಅವನು ತಲೆ ಕೆರೆದುಕೊಳ್ಳುವಷ್ಟರಲ್ಲಿ ಬಂಡಕ್ಕ ಎದ್ದು ಪಕ್ಕದ ಬಂದೇನವಾಜ್ ದರ್ಜಿಯ ಅಂಗಡಿಗೆ ಹೋಗಿ, ಎರಡೂ ಅಂಗಡಿಗೆ ನಡುವಿದ್ದ ಗೋಡೆಗೆ ಕಿವಿಯಿಟ್ಟು ನೆಲದ ಮೇಲೆ ಕೂತಳು. ದರ್ಜಿ ಮಷೀನು ನಿಲ್ಲಿಸಿ ಬಾಯಿ ತೆರೆದು ನೋಡಿದ. ನಾನು ಬಾಗಿಲಲ್ಲಿ ನಿಂತು, “ಈಗ ಸಣ್ಣದು, ಈಗ ದೊಡ್ಡದು” ಎಂದು ಕೂಗುತ್ತಿದ್ದೆ. ಒಂದೇ ಹಾಡು, ಒಂದೇ ಆವಾಜು. ಸಣ್ಣದನ್ನು ಹಚ್ಚಿದಾಗ ಗೋಡೆಯ ಮೊಳೆಗೆ ತೂಗುಹಾಕಿದ್ದ ಕತ್ತರಿ ಟಿಣಟಿಣ ಅಂದಿತು. ದೊಡ್ಡದಕ್ಕೆ ಅದು ಅಲುಗಲಿಲ್ಲ. ನಂಬಿಕೆಯಾಗದೆ ಬಂಡಕ್ಕ ಮತ್ತೆ ಮತ್ತೆ ಹಚ್ಚಿಸಿದಳು. ಚಂದ್ರಶಾ ಮಾಮಾ ನಾಚಿಕೆಯಿಂದ ರಸ್ತೆಗೆ ಮುಖ ಮಾಡಿ ನಿಂತಿದ್ದ.

“ದೊಡ್ಡದು ಕೊಡಪಾ,” ಅಂದಳು ಬಂದು. “ಇದು ಗ್ವಾಡಿಗೆ ಬಡಿಯಂಗಿಲ್ಲ. ಸಪ್ಪಳೆಲ್ಲ ಭೂಮಿ ನುಂಗ್ತದ.”

ಶಬ್ಬೀರ್ ಅನುಮಾನದಿಂದ ಕೇಳಿದ: “ನಮ್ಮ ನೆಲ ಕಾಂಕ್ರೀಟ್ ಅದರಿ. ನಿಮ್ಮ ಮನ್ಯಾಗ ನೆಲ ಗಟ್ಟಿ ಅದ?”

“ಶಹಾಬಾದಿ ಕಲ್ಲು. ಎತ್ತು ಹಾಯ್ದ್ರೂ ಅಳಗಾಡೂದಿಲ್ಲ,” ಅಂದ ಚಂದ್ರಶಾ ಮಾಮಾ. ನಾನೂ ಹೌದೆಂದು ತಲೆಯಾಡಿಸಿದೆ.

ಕಮಲಾಪುರ ಮುಟ್ಟಿದಾಗ ಭೀಮಶಾ ಮಾಮಾ ಪುತಳಕ್ಕನ ಪಕ್ಕದಲ್ಲಿ ಕೂತಿದ್ದ. ನಾವು ಡಬ್ಬಿಯನ್ನು ಚಂದ್ರಶಾ ಮಾಮಾನ ಕೋಣೆಯ ಮೂಲೆಯಲ್ಲಿಟ್ಟೆವು. ಅವನು ತಂತಿ ಜೋಡಿಸಿ, ಗುಂಡಿ ಸಣ್ಣಗೆ ತಿರುಗಿಸಿದ. ಹಾಡು ಬಂತು. ನಾವಿದ್ದ ಕೋಣೆಯಲ್ಲಿ ಅದು ಎಷ್ಟು ಮೆತ್ತಗಿತ್ತೆಂದರೆ ಬಂಡಕ್ಕ ಅವತ್ತು ಮೊದಲ ಸಲ ನಕ್ಕಳು. ಅಷ್ಟರಲ್ಲಿ ಆಚೆ ಕೋಣೆಯಲ್ಲಿ ಹಿತ್ತಾಳೆ ಕೊಡ ಉರುಳಿದ ಸದ್ದು. ಬೆನ್ನಿಗೇ ಪುತಳಕ್ಕನ ಕಿರುಚಾಟ.

ಭೀಮಶಾ ಮಾಮಾ ಹೊರಗೆ ಬಂದ. ಮುಖ ಕಪ್ಪಿಟ್ಟಿತ್ತು.

“ಹಗೇದ ಮ್ಯಾಲ ಇಟ್ಟೀಯಲ್ಲೋ!”

ಜೋಳ ತುಂಬಿಡುವ ನೆಲಮಾಳಿಗೆಯಂಥ ಗುಂಡಿಗೆ ನಮ್ಮ ಕಡೆ ಹಗೇವು ಅನ್ನುತ್ತಾರೆ. ಆ ಮನೆಯ ಹಗೇವು ಎರಡೂ ಕೋಣೆಗಳ ಕೆಳಗೆ ಹಬ್ಬಿತ್ತು. ಚಂದ್ರಶಾ ಮಾಮಾ ತೊಟ್ಟಿಲಲ್ಲಿದ್ದಾಗಲೇ ಅದರ ಬಾಯಿಗೆ ಕಲ್ಲು ಹಾಸಿ ಮುಚ್ಚಿದ್ದರು. ಒಳಗೆ ಮಣ್ಣು ತುಂಬಿರಲಿಲ್ಲ. ಇದು ಗೊತ್ತಿದ್ದವನು ಭೀಮಶಾ ಮಾಮಾ ಒಬ್ಬನೇ. ಅವನನ್ನು ಕೇಳಬೇಕಾದ ತಮ್ಮ ಸೊಕ್ಕಿನಿಂದ ಕೇಳಲಿಲ್ಲ. ಕೇಳುವ ಬುದ್ಧಿ ಇದ್ದ ಬಂಡಕ್ಕನಿಗೆ ಬಾಯಿ ತೆರೆಯುವ ಹಕ್ಕಿರಲಿಲ್ಲ. ಬಾಯಿ ಕೆಳಗೆ ಮಾಡಿದ ಡಬ್ಬಿ ಆ ಪೊಳ್ಳಿನೊಳಗೆ ಗುಡುಗಿ, ಆಚೆ ಕಡೆ ರೋಗಿಯ ಹೊರಸನ್ನೇ ನಡುಗಿಸಿತ್ತು.

“ಅಕ್ಕಾ, ಡಬ್ಬಿ ಈಗೇ ಹೊರಗ ಹಾಕ್ತೀವಿ ಅಂತ ಹೇಳು,” ಎಂದು ಬಂಡಕ್ಕ ಹೊಸ್ತಿಲಲ್ಲಿ ನಿಂತು ಅಳುತ್ತ ಕೂಗಿದಳು. ಅದನ್ನು ಒಪ್ಪಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಚಂದ್ರಶಾ ಮಾಮಾ, “ಯಾಕ ಹಾಕ್ಬೇಕು? ನನ್ನ ಪಾಲಿನ ನೆಲ ಇದು” ಅಂದುಬಿಟ್ಟ. ಅವನ ನಾಲಿಗೆಯನ್ನು ಕಿತ್ತು ಕೈಗೆ ಕೊಡಬೇಕು ಅನ್ನಿಸಿತು ನನಗೆ. ಭೀಮಶಾ ಮಾಮಾ ಚಪ್ಪಲಿ ಮೆಟ್ಟಿಕೊಂಡು ಗೋಡೆ ಕಟ್ಟುವ ಗೌಂಡಿ ನಬಿಸಾಬನ ಮನೆಗೆ ಹೋದ.

ಬೆಳಗಾಗುತ್ತಲೇ ಕಲ್ಲು ಬಂದವು. ನಬಿಸಾಬ್ ಅಂಗಳದ ಉದ್ದಕ್ಕೂ ದಾರ ಎಳೆದು ಪಾಯ ತೋಡಲು ಗುದ್ದಲಿ ಎತ್ತಿದ. ಅಣ್ಣ ಆ ಕಟ್ಟೆಗೆ, ತಮ್ಮ ಈ ಕಟ್ಟೆಗೆ ಕೂತು ನೋಡುತ್ತಿದ್ದರು. ನಿಲ್ಲಿಸು ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಆಗ ಬಂಡಕ್ಕ ತನ್ನ ಕೋಣೆಯಿಂದ ಟ್ರಂಕು, ಕೌದಿ ಹೊತ್ತು ಹೊರಗೆ ಬಂದಳು. ದಾರ ದಾಟಿ ಪುತಳಕ್ಕನ ಕಡೆ ನಡೆದಳು.

“ಎಲ್ಲಿಗಿ ಹೊಂಟಿ? ಹುಚ್ಚ ಹಿಡದದೇನು?” ಚಂದ್ರಶಾ ಮಾಮಾ ಎದ್ದು ನಿಂತ.

ಅವಳು ಅವನತ್ತ ತಿರುಗಲಿಲ್ಲ. ಭೀಮಶಾ ಮಾಮಾನ ಎದುರಿಗೆ ಹೋಗಿ ಟ್ರಂಕು ಇಳಿಸಿ ನಿಂತಳು. ಸೆರಗು ಹೆಗಲಿಗೆ ಜಾರಿತ್ತು, ಎತ್ತಿಕೊಳ್ಳಲಿಲ್ಲ.

“ಭಾವಾರ, ಗ್ವಾಡಿ ಕಟ್ಟಸ್ರಿ. ನಾ ಈ ಕಡೀನೇ ಇರ್ತೀನಿ. ಗಂಡ ಇಲ್ದೆ ನಾ ಬದುಕ್ತೀನಿ. ನಾ ಇಲ್ದೆ ನಮ್ಮಕ್ಕ ಬದುಕಂಗಿಲ್ಲ. ಊರಿನವ್ರು ಏನರೆ ಅಂದ್ಕೊಳ್ಳಲಿ.”

ನಬಿಸಾಬನ ಗುದ್ದಲಿ ಎತ್ತಿದ್ದಲ್ಲೇ ನಿಂತಿತು. ಭೀಮಶಾ ಮಾಮಾ ತಲೆ ಬಗ್ಗಿಸಿದ. ಒಳಗಿಂದ ಪುತಳಕ್ಕ ತೊದಲುತ್ತ ತಂಗಿಯ ಹೆಸರು ಕರೆಯುತ್ತಿದ್ದಳು.

“ನಬಿಸಾಬ್,” ಅಂದ ಭೀಮಶಾ ಮಾಮಾ ಕೊನೆಗೆ. “ನಡುವ ಬಾಗಲಕ್ಕ ಜಾಗಾ ಬಿಡು.”

“ಎಷ್ಟು ಬಿಡ್ಲಿರಿ?”

“ಆಕಿ ಹೊರಸು ಹಾಯಬೇಕು.” ಆಮೇಲೆ ತಮ್ಮನ ಕಡೆ ನೋಡಿದ. “ಇಬ್ಬರು ಹಿಡಕೊಂಡು ಹಾಯೂವಷ್ಟು.”

ಚಂದ್ರಶಾ ಮಾಮಾ ದಾರ ದಾಟಿ ಬಂದು, ಅಣ್ಣನ ಕಾಲ ಹತ್ತಿರ ಬಿದ್ದಿದ್ದ ಟ್ರಂಕಿನ ಒಂದು ಹಿಡಿಕೆ ಹಿಡಿದ. ಇನ್ನೊಂದನ್ನು ಭೀಮಶಾ ಮಾಮಾ ಹಿಡಿದ. ಇಬ್ಬರೂ ಅದನ್ನು ಬಂಡಕ್ಕನ ಕೋಣೆಗೆ ತಿರುಗಿ ಹೊತ್ತರು.